ಎರಕದ ಆಟಿಕೆ ಮೋಟಾರುಗಳು: ಒಂದು ಚಾರಿತ್ರಿಕ ಅವಲೋಕನ

ಚರಿತ್ರೆಯೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುವು ಶಾಸನಗಳು, ಕೋಟೆಕೊತ್ತಲಗಳು, ದೇವಾಲಯಗಳು, ರಾಜಮುದ್ರೆಯ ನಾಣ್ಯಗಳು. ಇವೆಲ್ಲವೂ ಬಹುಕಾಲ ಉಳಿಯಬೇಕೆಂಬ ಸಂಕಲ್ಪದಿಂದಲೇ ನಿರ್ಮಿತವಾದವುಗಳು. ಆದರೆ ಮನುಷ್ಯನ ಬಾಳಿನ ಬಹುಭಾಗವು ಉಳಿಯಬೇಕೆಂಬ ಉದ್ದೇಶವೇ ಇಲ್ಲದ ವಸ್ತುಗಳ ನಡುವೆ ಕಳೆಯುತ್ತದೆ. ಅಡುಗೆಮನೆಯ ಸೌಟು, ಶಾಲೆಗೆ ಹೋಗುವ ಹುಡುಗನ ಸ್ಲೇಟು, ಮಗುವಿನ ಕೈಯ ಆಟಿಕೆ ಇವುಗಳನ್ನು ಯಾರೂ ಚರಿತ್ರೆಯೆಂದು ಭಾವಿಸುವುದಿಲ್ಲ. ಆದುದರಿಂದಲೇ ಇವು ಎಲ್ಲಕ್ಕಿಂತ ಮೊದಲು ಅಳಿದುಹೋಗುತ್ತವೆ.

ಅಂತಹ ಒಂದು ಅಲ್ಪವಸ್ತುವಿನ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡಲು ನಾವು ಬಯಸುತ್ತೇವೆ. ಅಂಗೈಯಲ್ಲಿ ಅಡಗುವ, ಲೋಹದಿಂದ ಎರಕ ಹೊಯ್ದ ಆಟಿಕೆ ಮೋಟಾರು ಗಾಡಿಯೇ ಆ ವಸ್ತು. ಇದು ನಮ್ಮ ನೆಲದಲ್ಲಿ ಹುಟ್ಟಿದುದಲ್ಲ. ಅಮೆರಿಕದಲ್ಲಿ ಮೊಳೆತು ಇಂಗ್ಲೆಂಡಿನಲ್ಲಿ ಬೆಳೆದುದು. ಆದರೂ ಸಮುದ್ರ ದಾಟಿ ದುಡಿಯಲು ಹೋದ ಬಂಧುಗಳ ಪೆಟ್ಟಿಗೆಯಲ್ಲಿ ಇದು ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಿಗೆ ಬಂದಿದೆ. ಕೋಟಿಗಟ್ಟಲೆಯಾಗಿ ಹುಟ್ಟಿದ ಈ ಆಟಿಕೆಗಳಲ್ಲಿ ಕೆಲವು ಇಂದು ಹುಡುಕಿದರೂ ಸಿಕ್ಕದಷ್ಟು ವಿರಳವಾಗಿವೆ. ಇದು ಹೇಗಾಯಿತೆಂಬುದನ್ನು ತಿಳಿದರೆ ನಮಗೂ ಒಂದು ಪಾಠವುಂಟು.

ಒಂದು ಅಚ್ಚು, ಹಲವು ರೂಪ

ಎರಕದ ವಿದ್ಯೆ ನಮಗೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ತನ್ನ ಸಂಸ್ಕೃತ ಗ್ರಂಥದಲ್ಲಿ ಮೇಣದ ಪ್ರತಿಮೆಯನ್ನು ಮಾಡಿ, ಅದರ ಮೇಲೆ ಮಣ್ಣನ್ನು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು, ಆ ಪೊಳ್ಳಿನಲ್ಲಿ ಲೋಹವನ್ನು ಹೊಯ್ಯುವ ಕ್ರಮವನ್ನು ವರ್ಣಿಸಿದ್ದಾನೆ. ನಮ್ಮ ಜಿಲ್ಲೆಯ ದಕ್ಷಿಣದ ಗಡಿ ದಾಟಿದರೆ ಪಯ್ಯನ್ನೂರಿನ ಬಳಿಯ ಕುಂಞಿಮಂಗಲದಲ್ಲಿ ಕಂಚುಗಾರರು ಇದೇ ಕ್ರಮದಿಂದ ದೀಪಗಳನ್ನೂ ವಿಗ್ರಹಗಳನ್ನೂ ಇಂದಿಗೂ ಎರಕ ಹೊಯ್ಯುತ್ತಾರೆ. ಈ ವಿಧಾನದಲ್ಲಿ ಮೂರ್ತಿಯನ್ನು ಹೊರತೆಗೆಯಬೇಕಾದರೆ ಮಣ್ಣಿನ ಅಚ್ಚನ್ನು ಒಡೆಯಲೇಬೇಕು. ಒಂದು ಅಚ್ಚಿಗೆ ಒಂದೇ ಮೂರ್ತಿ, ಅದರಂತಹುದು ಮತ್ತೊಂದಿಲ್ಲ.

ನಾವು ಹೇಳಹೊರಟಿರುವ ಎರಕವು ಇದಕ್ಕೆ ತೀರ ವಿರುದ್ಧವಾದುದು. ಇಲ್ಲಿ ಅಚ್ಚನ್ನು ಗಟ್ಟಿ ಉಕ್ಕಿನಲ್ಲಿ ಎರಡು ಅಥವಾ ಹೆಚ್ಚು ಭಾಗಗಳಾಗಿ ಕೊರೆದಿರುತ್ತಾರೆ. ಕರಗಿದ ಲೋಹವನ್ನು ಯಂತ್ರವು ಒತ್ತಡದಿಂದ ಅದರೊಳಕ್ಕೆ ನುಗ್ಗಿಸುತ್ತದೆ. ಕೆಲವೇ ಕ್ಷಣಗಳಲ್ಲಿ ಲೋಹವು ಗಟ್ಟಿಯಾಗುತ್ತದೆ, ಅಚ್ಚು ತೆರೆಯುತ್ತದೆ, ಗಾಡಿಯ ಮೈ ಹೊರಬೀಳುತ್ತದೆ, ಅಚ್ಚು ಮತ್ತೆ ಮುಚ್ಚುತ್ತದೆ. ಇಂತಹ ಅಚ್ಚಿಗೆ ‘ಡೈ’ ಎಂದು ಹೆಸರು; ಆದುದರಿಂದ ಈ ಆಟಿಕೆಗಳಿಗೆ ‘ಡೈ-ಕಾಸ್ಟ್’ ಆಟಿಕೆಗಳೆಂದು ಹೆಸರಾಯಿತು. ಅಚ್ಚನ್ನು ಕೊರೆಯುವುದು ಬಹಳ ವೆಚ್ಚದ, ನುರಿತ ಕೈಗಳ ಕೆಲಸ. ಮೊದಲು ದೊಡ್ಡ ಅಳತೆಯಲ್ಲಿ ಒಂದು ಮಾದರಿಯನ್ನು ಮಾಡಿಕೊಂಡು, ಪ್ಯಾಂಟೋಗ್ರಾಫ್ ಎಂಬ ಸಾಧನದ ಒಂದು ತೋಳನ್ನು ಅದರ ಮೇಲೆ ಆಡಿಸಿದರೆ, ಇನ್ನೊಂದು ತೋಳು ಅದೇ ರೂಪವನ್ನು ಕಿರಿದಾಗಿ ಉಕ್ಕಿನಲ್ಲಿ ಕೊರೆಯುತ್ತದೆ. ಆದರೆ ಅಚ್ಚು ಒಮ್ಮೆ ಸಿದ್ಧವಾಯಿತೆಂದರೆ ಅದರಿಂದ ಲಕ್ಷಗಟ್ಟಲೆ ಗಾಡಿಗಳನ್ನು ತೆಗೆಯಬಹುದು. ಗಾಡಿಯು ಅಗ್ಗವಾದುದು ಹೀಗೆ.

ಈ ವಿದ್ಯೆಯು ಆಟಿಕೆಗೆ ಬಂದುದು ಮುದ್ರಣಾಲಯದಿಂದ ಎಂಬುದು ಸ್ವಾರಸ್ಯಕರ ಸಂಗತಿ. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನವು ೧೮೯೩ರಲ್ಲಿ ಷಿಕಾಗೋ ನಗರದ ವಿಶ್ವಪ್ರದರ್ಶನಕ್ಕೆ ಸಂಬಂಧಿಸಿದಂತೆ ನಡೆಯಿತೆಂಬುದನ್ನು ವಾಚಕರು ಬಲ್ಲರು. ಅದೇ ಪ್ರದರ್ಶನದಲ್ಲಿ ಲೈನೋಟೈಪ್ ಯಂತ್ರವೂ ಇದ್ದಿತು. ಸೀಸದ ಮಿಶ್ರಲೋಹವನ್ನು ಕರಗಿಸಿ, ಅಕ್ಷರಗಳ ಒಂದೊಂದು ಸಾಲನ್ನೂ ಇಡಿಯಾಗಿ ಎರಕ ಹೊಯ್ಯುವ ಯಂತ್ರವದು. ಷಿಕಾಗೋವಿನಲ್ಲಿ ಅಗಸರ ಉದ್ಯಮಕ್ಕಾಗಿ ಒಂದು ಪತ್ರಿಕೆಯನ್ನು ನಡೆಸುತ್ತಿದ್ದ ಡೌಸ್ಟ್ ಸೋದರರಲ್ಲಿ ಒಬ್ಬನಾದ ಸ್ಯಾಮ್ಯುಯೆಲ್ ಡೌಸ್ಟನು ಅದನ್ನು ಕಂಡು, ಅಕ್ಷರಗಳ ಬದಲು ಸಣ್ಣಪುಟ್ಟ ವಸ್ತುಗಳನ್ನು ಎರಕ ಹೊಯ್ಯಬಾರದೇಕೆ ಎಂದು ಯೋಚಿಸಿದನು. ಗುಂಡಿಗಳಿಂದ ಆರಂಭವಾದ ಅವರ ಉದ್ಯಮವು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ವೇಳೆಗೆ ಪುಟ್ಟ ಮೋಟಾರುಗಳವರೆಗೆ ಬೆಳೆಯಿತು. ಮುಂದೆ ‘ಟೂಟ್ಸಿಟಾಯ್’ ಎಂಬ ಹೆಸರಿನಿಂದ ಅವು ಪ್ರಸಿದ್ಧವಾದವು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದ ಪುಸ್ತಕಗಳನ್ನು ಓದಿ ಬೆಳೆದ ನಮ್ಮ ಹಿರಿಯರಿಗೆ ಅಚ್ಚುಮೊಳೆಯೆಂಬ ಮಾತು ಹೊಸದಾಗಿರಲಿಲ್ಲ. ಆ ಅಚ್ಚುಮೊಳೆಯೂ ಮಗುವಿನ ಮೋಟಾರೂ ಒಂದೇ ಮನೆತನಕ್ಕೆ ಸೇರಿದವು.

ಲಿವರ್‌ಪೂಲಿನ ಡಿಂಕಿ

ಇಂಗ್ಲೆಂಡಿನಲ್ಲಿ ಈ ಉದ್ಯಮಕ್ಕೆ ಅಡಿಪಾಯ ಹಾಕಿದವನು ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ. ರಂಧ್ರಗಳುಳ್ಳ ಲೋಹದ ಪಟ್ಟಿಗಳನ್ನು ತಿರುಪುಗಳಿಂದ ಜೋಡಿಸಿ ಯಂತ್ರಗಳ ಮಾದರಿಗಳನ್ನು ಕಟ್ಟುವ ಆಟಿಕೆಗೆ ಅವನು ೧೯೦೧ರಲ್ಲಿ ಪೇಟೆಂಟು ಪಡೆದನು. ಅದೇ ಲೋಕಪ್ರಸಿದ್ಧವಾದ ‘ಮೆಕ್ಯಾನೊ’. ೧೯೨೦ರಿಂದ ಅವನ ಕಾರ್ಖಾನೆಯು ಆಟಿಕೆ ರೈಲುಗಳನ್ನೂ ತಯಾರಿಸಿತು. ರೈಲು ಇದ್ದ ಮೇಲೆ ನಿಲ್ದಾಣ ಬೇಕು, ನಿಲ್ದಾಣದಲ್ಲಿ ಜನ ಬೇಕು, ಹೊರಗೆ ರಸ್ತೆಯಲ್ಲಿ ಗಾಡಿಗಳು ಬೇಕು. ಹೀಗೆ ರೈಲಿಗೆ ಪರಿವಾರವಾಗಿ ೧೯೩೩ರ ಕೊನೆಯಲ್ಲಿ ಆರು ಪುಟ್ಟ ವಾಹನಗಳ ಒಂದು ಕಟ್ಟು ಹೊರಬಿದ್ದಿತು. ಎರಡು ಕಾರು, ಒಂದು ಲಾರಿ, ಒಂದು ಸರಕಿನ ವ್ಯಾನು, ಒಂದು ಟ್ರ್ಯಾಕ್ಟರು, ಒಂದು ಯುದ್ಧದ ಟ್ಯಾಂಕು ಅದರಲ್ಲಿದ್ದವು. ಮರುವರ್ಷ, ಎಂದರೆ ೧೯೩೪ರಲ್ಲಿ, ಇವುಗಳಿಗೆ ‘ಡಿಂಕಿ ಟಾಯ್ಸ್’ ಎಂದು ನಾಮಕರಣವಾಯಿತು. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ಡಿಂಕ್’ ಎಂದರೆ ಅಚ್ಚುಕಟ್ಟಾದುದು ಎಂದು ಅರ್ಥ. ಆ ಮಾತಿನಿಂದಲೇ ಈ ಹೆಸರು ಬಂದಿತೆಂದು ಹೇಳುವರು.

ಪರಿವಾರವಾಗಿ ಬಂದ ಗಾಡಿಗಳು ಸ್ವಲ್ಪಕಾಲದಲ್ಲಿಯೇ ರೈಲಿನ ಹಂಗನ್ನು ತೊರೆದು ತಾವೇ ಪ್ರಧಾನವಾದವು. ಬೀದಿಯಲ್ಲಿ ಓಡಾಡುವ ನಿಜವಾದ ಮೋಟಾರನ್ನು ಕೊಳ್ಳುವುದು ಸಾಮಾನ್ಯ ಸಂಸಾರಗಳಿಗೆ ಕನಸಿನ ಮಾತಾಗಿದ್ದ ಕಾಲವದು. ಆದರೆ ಅದೇ ಮೋಟಾರಿನ ಪ್ರತಿರೂಪವನ್ನು ಹುಡುಗನು ತನ್ನ ಕೈಖರ್ಚಿನ ಕಾಸನ್ನು ಕೂಡಿಟ್ಟು ಕೊಳ್ಳಬಹುದಾಗಿತ್ತು. ಯುದ್ಧವು ಈ ಸಂತೋಷಕ್ಕೆ ತಡೆಯೊಡ್ಡಿತು. ಲೋಹವೆಲ್ಲವೂ ಶಸ್ತ್ರಾಸ್ತ್ರಗಳಿಗೆ ಬೇಕಾದುದರಿಂದ ೧೯೪೨ರ ಹೊತ್ತಿಗೆ ಬ್ರಿಟನ್ನಿನಲ್ಲಿ ಲೋಹದ ಆಟಿಕೆಗಳ ತಯಾರಿಕೆ ನಿಂತುಹೋಯಿತು. ಯುದ್ಧ ಮುಗಿದ ಬಳಿಕವೇ ಡಿಂಕಿ ಗಾಡಿಗಳು ಮತ್ತೆ ಅಂಗಡಿಗೆ ಬಂದವು.

ಬೆಂಕಿಪೆಟ್ಟಿಗೆಯಲ್ಲಿ ಅಡಗಿದ ಗಾಡಿ

ಯುದ್ಧಾನಂತರ, ೧೯೪೭ರ ಜನವರಿಯಲ್ಲಿ, ಲಂಡನಿನಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಎಂಬ ಇಬ್ಬರು ಸಹಪಾಠಿಗಳು, ಅಡ್ಡಹೆಸರು ಒಂದೇ ಆದರೂ ರಕ್ತಸಂಬಂಧವಿಲ್ಲದವರು, ಯುದ್ಧಸೇವೆಯಿಂದ ಮರಳಿ ತಮ್ಮ ಹೆಸರುಗಳ ತುದಿಮೊದಲನ್ನು ಜೋಡಿಸಿ ‘ಲೆಸ್ನಿ’ ಎಂಬ ಕಾರ್ಖಾನೆಯನ್ನು ತೆರೆದರು. ಅವರಿಗೆ ದೊರೆತ ಮೊದಲ ನೆಲೆ ಮುಚ್ಚಿಹೋಗಿದ್ದ ಒಂದು ಪಾನಗೃಹ. ಅವರೊಡನೆ ಕೂಡಿಕೊಂಡ ಜ್ಯಾಕ್ ಓಡೆಲ್ ಎಂಬ ಯಂತ್ರನಿಪುಣನೇ ಮುಂದೆ ಈ ಸಂಸ್ಥೆಯ ಕೈಯೂ ಬುದ್ಧಿಯೂ ಆದನು.

ಈ ಸಂಸ್ಥೆಯ ಭಾಗ್ಯವನ್ನು ತೆರೆದುದು ಎರಡನೆಯ ಎಲಿಝಬೆತ್ ರಾಣಿಯ ಪಟ್ಟಾಭಿಷೇಕ. ೧೯೫೩ರಲ್ಲಿ ಅವರು ಎಂಟು ಕುದುರೆಗಳ ರಾಜರಥದ ಕಿರುಪ್ರತಿಮೆಯನ್ನು ಮಾಡಿದರು. ಅದು ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಇದಕ್ಕೆ ಮೊದಲು ಮಾಡಿದ ದೊಡ್ಡ ರಥದ ವಿಷಯದಲ್ಲಿ ಒಂದು ವಿಶೇಷವುಂಟು. ಅದನ್ನು ರೂಪಿಸಿದಾಗ ಆರನೆಯ ಜಾರ್ಜ್ ಬದುಕಿದ್ದನು. ಆದುದರಿಂದ ರಥದೊಳಗೆ ರಾಜರಾಣಿಯರಿಬ್ಬರೂ ಕುಳಿತಿದ್ದರು. ಕೊರಿಯಾ ಯುದ್ಧದ ಕಾಲದಲ್ಲಿ ಆಟಿಕೆಗಳಿಗೆ ಸತುವಿನ ಬಳಕೆ ನಿರ್ಬಂಧಿತವಾಗಿ ಕೆಲಸ ನಿಂತಿತು. ೧೯೫೨ರ ಫೆಬ್ರವರಿಯಲ್ಲಿ ರಾಜನು ತೀರಿಕೊಂಡನು. ಪಟ್ಟಾಭಿಷೇಕಕ್ಕಾಗಿ ರಥವನ್ನು ಮತ್ತೆ ಎರಕ ಹೊಯ್ಯುವಾಗ ಅಚ್ಚಿನಿಂದ ರಾಜನ ಆಕೃತಿಯನ್ನು ತೆಗೆದರು. ಆದರೆ ಅವನ ಕಾಲುಗಳು ಮಾತ್ರ ಹಾಗೆಯೇ ಉಳಿದವು. ರಾಣಿಯ ಪಕ್ಕದಲ್ಲಿ ಒಡೆಯನಿಲ್ಲದ ಎರಡು ಕಾಲುಗಳು! ಒಂದು ದೇಶದ ರಾಜಕೀಯ ಪರಿವರ್ತನೆಯು ಆಟಿಕೆಯ ಎರಕದಲ್ಲಿ ಹೀಗೆ ದಾಖಲಾಗಿದೆ.

ಅದೇ ವರ್ಷ ಇನ್ನೊಂದು ಕೆಲಸವೂ ಆಯಿತು. ಓಡೆಲನ ಮಗಳ ಶಾಲೆಯಲ್ಲಿ ಬೆಂಕಿಪೆಟ್ಟಿಗೆಯೊಳಗೆ ಹಿಡಿಯುವ ಆಟಿಕೆಯನ್ನು ಮಾತ್ರ ತರಬಹುದೆಂಬ ನಿಯಮವಿದ್ದಿತಂತೆ. ತಂದೆಯು ತಮ್ಮ ಕಾರ್ಖಾನೆಯ ರಸ್ತೆ ಉರುಳೆಯಂತ್ರದ ಆಟಿಕೆಯನ್ನು ಕಿರಿದುಗೊಳಿಸಿ ಹಿತ್ತಾಳೆಯಲ್ಲಿ ಮಾಡಿ ಬೆಂಕಿಪೆಟ್ಟಿಗೆಯಲ್ಲಿಟ್ಟು ಕೊಟ್ಟನು. ಉಳಿದ ಮಕ್ಕಳೂ ತಮಗೆ ಅಂತಹುದೇ ಬೇಕೆಂದರು. ‘ಮ್ಯಾಚ್‌ಬಾಕ್ಸ್’ ಗಾಡಿಗಳ ಮಾಲೆಯು ಹುಟ್ಟಿದ ಕತೆಯಿದು. ಪೆಟ್ಟಿಗೆಯ ಅಳತೆಯೇ ನಿಯಮವಾದುದರಿಂದ ಬಸ್ಸೂ ಕಾರೂ ಹೆಚ್ಚುಕಡಮೆ ಒಂದೇ ಗಾತ್ರವಾಗಿರುತ್ತಿದ್ದವು. ಮಕ್ಕಳಾರೂ ಅದನ್ನು ಆಕ್ಷೇಪಿಸಲಿಲ್ಲ. ಮಾಲೆಯ ಮೊದಲ ಮೂರು ಗಾಡಿಗಳು ಯಾವುವೆಂಬುದನ್ನು ಗಮನಿಸಬೇಕು. ರಸ್ತೆ ಉರುಳೆ, ಮಣ್ಣು ಸಾಗಿಸುವ ಗಾಡಿ, ಸಿಮೆಂಟು ಕಲಸುವ ಯಂತ್ರ. ಬಾಂಬುಗಳಿಂದ ಜರ್ಜರಿತವಾದ ನಗರವನ್ನು ಮತ್ತೆ ಕಟ್ಟುತ್ತಿದ್ದ ಕಾಲದಲ್ಲಿ ಲಂಡನಿನ ಮಕ್ಕಳು ಬೀದಿಬೀದಿಯಲ್ಲಿ ಕಾಣುತ್ತಿದ್ದುದೂ ಇವುಗಳನ್ನೇ.

ನಮ್ಮ ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿದ ೧೯೫೬ರಲ್ಲಿಯೇ ವೇಲ್ಸ್ ಪ್ರಾಂತದ ಸ್ವಾನ್ಸಿಯಲ್ಲಿ ‘ಕಾರ್ಗಿ’ ಎಂಬ ಮೂರನೆಯ ಹೆಸರು ಕೇಳಿಬಂದಿತು. ನಾಜಿಗಳ ಜರ್ಮನಿಯನ್ನು ಬಿಟ್ಟುಬಂದ ಫಿಲಿಪ್ ಉಲ್ಮನ್ ಎಂಬವನು ಇಂಗ್ಲೆಂಡಿನಲ್ಲಿ ಕಟ್ಟಿದ ಮೆಟ್ಟಾಯ್ ಸಂಸ್ಥೆಯ ಆಟಿಕೆಗಳಿವು. ಕಿಟಕಿಗಳಿಗೆ ಪಾರದರ್ಶಕ ಪ್ಲಾಸ್ಟಿಕ್ಕನ್ನು ಅಳವಡಿಸಿದುದು ಇವರ ಹೆಗ್ಗಳಿಕೆ. ಜೇಮ್ಸ್ ಬಾಂಡ್ ಚಲಚ್ಚಿತ್ರದ ಆಸ್ಟನ್ ಮಾರ್ಟಿನ್ ಕಾರನ್ನು, ಗುಂಡಿಯೊತ್ತಿದರೆ ಛಾವಣಿ ತೆರೆದು ಆಸನವು ಮನುಷ್ಯನನ್ನು ಹೊರಕ್ಕೆ ಚಿಮ್ಮುವಂತೆ ೧೯೬೫ರಲ್ಲಿ ಅವರು ಮಾಡಿದರು.

ಅವಸಾನ

೧೯೬೮ರಲ್ಲಿ ಅಮೆರಿಕದ ಮ್ಯಾಟೆಲ್ ಸಂಸ್ಥೆಯು ‘ಹಾಟ್ ವೀಲ್ಸ್’ ಗಾಡಿಗಳನ್ನು ಹೊರತಂದಿತು. ಸೂಕ್ಷ್ಮವಾದ ಅಚ್ಚುಗಂಬಿಯ ಮೇಲೆ ಅತಿಸುಲಭವಾಗಿ ತಿರುಗುವ ಚಕ್ರಗಳುಳ್ಳ ಈ ಗಾಡಿಗಳು ಇಳಿಜಾರಿನಲ್ಲಿ ಬಾಣದಂತೆ ಓಡುತ್ತಿದ್ದವು. ನಿಜವಾದ ಗಾಡಿಯ ಯಥಾರ್ಥ ಪ್ರತಿರೂಪವಾಗಿರಬೇಕೆಂಬ ಹಳೆಯ ಆದರ್ಶಕ್ಕಿಂತ ವೇಗವೇ ಮಕ್ಕಳಿಗೆ ಪ್ರಿಯವಾಯಿತು. ಲೆಸ್ನಿಯವರು ಮರುವರ್ಷವೇ ತಮ್ಮ ಗಾಡಿಗಳ ಚಕ್ರಗಳನ್ನು ಬದಲಾಯಿಸತೊಡಗಿದರು. ಆದರೆ ಬ್ರಿಟನ್ನಿನಲ್ಲಿ ಕೂಲಿಯೂ ಬೆಲೆಗಳೂ ಏರಿದವು. ದೂರಪ್ರಾಚ್ಯದಲ್ಲಿ ಅದೇ ವಸ್ತುವನ್ನು ಅಗ್ಗವಾಗಿ ಮಾಡಬಹುದಾಗಿತ್ತು. ಲಿವರ್‌ಪೂಲಿನ ಡಿಂಕಿ ಕಾರ್ಖಾನೆ ೧೯೭೯ರ ನವೆಂಬರಿನಲ್ಲಿ ಮುಚ್ಚಿತು. ಕೆಲಸ ಕಳೆದುಕೊಂಡ ಕಾರ್ಮಿಕರು ಕಟ್ಟಡವನ್ನು ಬಿಟ್ಟುಕೊಡದೆ ಪ್ರತಿಭಟಿಸಿದರೂ ಫಲವಾಗಲಿಲ್ಲ. ಲೆಸ್ನಿಯು ೧೯೮೨ರಲ್ಲಿಯೂ, ಮೆಟ್ಟಾಯ್ ೧೯೮೩ರಲ್ಲಿಯೂ ದಿವಾಳಿಯಾದವು. ಅರ್ಧಶತಮಾನದ ಉದ್ಯಮವು ನಾಲ್ಕೇ ವರ್ಷಗಳಲ್ಲಿ ಕುಸಿಯಿತು. ಮ್ಯಾಚ್‌ಬಾಕ್ಸ್ ಹೆಸರು ಕೈಬದಲಾಗುತ್ತ ೧೯೯೭ರಲ್ಲಿ ತನ್ನ ಪ್ರತಿಸ್ಪರ್ಧಿಯಾಗಿದ್ದ ಮ್ಯಾಟೆಲ್ ಸಂಸ್ಥೆಯ ವಶವಾಯಿತು.

ಈ ನಡುವೆ ನಮ್ಮ ದೇಶಕ್ಕೂ ಒಂದು ಎಳೆ ಬಂದು ಸೇರಿದೆ. ೧೯೬೦ರ ದಶಕದ ಕೊನೆಯ ಭಾಗದಲ್ಲಿ, ಲಿವರ್‌ಪೂಲಿನಲ್ಲಿ ಬಳಕೆ ತಪ್ಪಿದ ಕೆಲವು ಡಿಂಕಿ ಅಚ್ಚುಗಳು ಕಲಕತ್ತೆಯನ್ನು ಸೇರಿದವು. ಅವುಗಳಿಂದ ಎರಕ ಹೊಯ್ದ ಗಾಡಿಗಳು ‘ನಿಕ್ಕಿ’ ಎಂಬ ಹೆಸರಿನಿಂದ ಮಾರಾಟವಾದವು. ಬಣ್ಣದ ಲೇಪದಲ್ಲಿ ಮೂಲದ ನಯವಿಲ್ಲದಿದ್ದರೂ ಅವು ನಮ್ಮ ದೇಶದ ಕೆಲಸಗಾರರ ಕೈಯಲ್ಲಿ ರೂಪುಗೊಂಡವು. ಆ ಕಾಲದಲ್ಲಿ ಅವುಗಳನ್ನು ಎತ್ತಿಡಬೇಕೆಂದು ಇಲ್ಲಿ ತೋರಿದವರು ವಿರಳ. ಇಂದು ಅವನ್ನು ಹುಡುಕುತ್ತಿರುವವರಲ್ಲಿ ಇಂಗ್ಲೆಂಡಿನ ಸಂಗ್ರಾಹಕರೂ ಇದ್ದಾರೆ.

ವಿರಳವಾದ ಬಗೆ

ಕೋಟಿಗಟ್ಟಲೆ ಹುಟ್ಟಿದುದು ವಿರಳವಾಗುವುದು ಹೇಗೆ? ಉತ್ತರವು ಸರಳ. ಆಟಿಕೆಯು ಆಡುವುದಕ್ಕಾಗಿಯೇ ಇರುವುದು. ಮಕ್ಕಳು ಅದನ್ನು ಮರಳಿನಲ್ಲಿ ಹೂತರು, ಮೆಟ್ಟಲಿನಿಂದ ಉರುಳಿಸಿದರು, ಒಂದಕ್ಕೊಂದು ಡಿಕ್ಕಿ ಹೊಡೆಸಿದರು. ಬಣ್ಣ ಹೋದುದಕ್ಕೆ ಅಣ್ಣನು ಬೇರೆ ಬಣ್ಣ ಬಳಿದನು. ಕಾಗದದ ಪೆಟ್ಟಿಗೆಯಂತೂ ಕೊಂಡ ದಿನವೇ ಹರಿದುಹೋಯಿತು. ಇಂದು ಪೆಟ್ಟಿಗೆಯಿರುವ ಗಾಡಿಗೂ ಪೆಟ್ಟಿಗೆಯಿಲ್ಲದ ಗಾಡಿಗೂ ಬೆಲೆಯಲ್ಲಿ ಅಜಗಜಾಂತರವಿರುವುದು ಇದರಿಂದಲೇ. ಯಾವುದು ಎಲ್ಲರ ಬಳಿಯೂ ಇದೆಯೋ ಅದನ್ನು ಯಾರೂ ಎತ್ತಿಡುವುದಿಲ್ಲ. ಎಲ್ಲರೂ ಹಾಗೆಯೇ ಭಾವಿಸಿದಾಗ ಒಂದು ದಿನ ಅದು ಯಾರ ಬಳಿಯೂ ಇರುವುದಿಲ್ಲ.

ಸುಮಾರು ೧೯೬೦ರ ದಶಕದಲ್ಲಿ ಬಾಲ್ಯವನ್ನು ದಾಟಿದ ಕೆಲವರು ಈ ಗಾಡಿಗಳನ್ನು ಗಂಭೀರವಾಗಿ ಕಲೆಹಾಕಲಾರಂಭಿಸಿದರು. ೧೯೬೬ರಲ್ಲಿ ಸೆಸಿಲ್ ಗಿಬ್ಸನ್ ಎಂಬವನು ಬ್ರಿಟಿಷ್ ಡಿಂಕಿ ಗಾಡಿಗಳ ಚರಿತ್ರೆಯನ್ನೇ ಗ್ರಂಥವಾಗಿ ಪ್ರಕಟಿಸಿದನು. ಸಂಗ್ರಾಹಕರು ನಮ್ಮ ಶಾಸನತಜ್ಞರ ಮಾರ್ಗವನ್ನೇ ಹಿಡಿದರೆಂದರೆ ತಪ್ಪಾಗದು. ಲಿಪಿಯ ವಟ್ಟು, ಕೊಂಬು, ತಲೆಕಟ್ಟುಗಳನ್ನು ನೋಡಿ ಶಾಸನದ ಕಾಲವನ್ನು ನಿರ್ಣಯಿಸುವಂತೆ, ಇವರು ಚಕ್ರವು ಲೋಹದ್ದೋ, ಬೂದುಬಣ್ಣದ ಪ್ಲಾಸ್ಟಿಕ್ಕಿನದೋ, ಕಪ್ಪು ಪ್ಲಾಸ್ಟಿಕ್ಕಿನದೋ ಎಂಬುದನ್ನೂ, ತಳದ ಅಕ್ಷರಗಳನ್ನೂ, ಅಚ್ಚುಗಂಬಿಯ ತುದಿಯನ್ನು ಬಡಿದಿರುವ ಬಗೆಯನ್ನೂ ನೋಡಿ ಒಂದು ಗಾಡಿಯ ಕಾಲವನ್ನು ಹೇಳಬಲ್ಲರು. ವರ್ತಕರೊಬ್ಬರ ಅಂಗಡಿಯ ಹೆಸರನ್ನು ಹೊತ್ತ ಯುದ್ಧಪೂರ್ವದ ಡಿಂಕಿ ವ್ಯಾನೊಂದು ೧೯೯೪ರಲ್ಲಿ ಲಂಡನಿನ ಹರಾಜಿನಲ್ಲಿ ೧೨,೬೫೦ ಪೌಂಡುಗಳಿಗೆ ಹೋಯಿತು. ಆದರೆ ಇಂತಹ ಬೆಲೆ ಕೆಲವೇ ಗಾಡಿಗಳಿಗೆ. ಬಹುಪಾಲಿನವು ಸಾಧಾರಣ ಬೆಲೆಯವೇ. ಹಣಕ್ಕಾಗಿ ಸಂಗ್ರಹಿಸುವವನು ಬಹುಬೇಗ ನಿರಾಶನಾಗುವನು.

ಒಳಗಿನ ರೋಗ

ಮಕ್ಕಳ ಕೈಯಿಂದ ಪಾರಾಗಿ ಉಳಿದ ಗಾಡಿಗಳಿಗೂ ಒಂದು ಶತ್ರುವುಂಟು; ಅದು ಲೋಹದೊಳಗೇ ಇರುವುದು. ಮೊದಮೊದಲು ಈ ಆಟಿಕೆಗಳನ್ನು ಸೀಸದ ಮಿಶ್ರಲೋಹದಿಂದ ಮಾಡುತ್ತಿದ್ದರು. ಅನಂತರ ಸತುವಿಗೆ ನೂರಕ್ಕೆ ನಾಲ್ಕರಷ್ಟು ಅಲ್ಯುಮಿನಿಯಮ್ಮನ್ನೂ, ಸ್ವಲ್ಪ ತಾಮ್ರ ಮತ್ತು ಮೆಗ್ನೀಸಿಯಮ್ಮನ್ನೂ ಬೆರೆಸಿದ ಮಿಶ್ರಲೋಹವು ಬಳಕೆಗೆ ಬಂದಿತು. ಇದು ಗಟ್ಟಿ, ಅಗ್ಗ. ಸುಮಾರು ೩೮೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದರಿಂದ ಎರಕಕ್ಕೂ ಸುಲಭ. ಆದರೆ ಇದಕ್ಕೆ ಸತುವು ಅತ್ಯಂತ ಶುದ್ಧವಾಗಿರಬೇಕು. ಸೀಸವಾಗಲಿ ತವರವಾಗಲಿ ಲವಲೇಶ ಬೆರೆತರೂ, ಎಂದರೆ ಸೀಸವು ನೂರರಲ್ಲಿ ಒಂದಂಶದ ಇನ್ನೂರನೆಯ ಒಂದು ಪಾಲನ್ನು ಮೀರಿದರೂ, ಲೋಹದ ಕಣಗಳ ನಡುವಣ ಸಂಧಿಗಳಲ್ಲಿ ಕ್ಷಯವು ಆರಂಭವಾಗಬಹುದು. ಗಾಡಿಯು ಕ್ರಮೇಣ ಉಬ್ಬುತ್ತದೆ, ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ. ಕೊನೆಗೆ ಬಿಸ್ಕತ್ತಿನಂತೆ ಬೆರಳಿನಲ್ಲಿ ಪುಡಿಯಾಗುತ್ತದೆ. ಯುದ್ಧಪೂರ್ವದ ಎಷ್ಟೋ ಡಿಂಕಿಗಳು ಹೀಗೆ ನಶಿಸಿವೆ. ಇದು ಅಂಟುರೋಗವಲ್ಲ, ಪಕ್ಕದ ಗಾಡಿಗೆ ಹರಡುವುದಿಲ್ಲ. ಆದರೆ ಇದಕ್ಕೆ ಮದ್ದೂ ಇಲ್ಲ. ಸೆಖೆಯೂ ತೇವವೂ ಇದನ್ನು ಬೇಗ ಬೆಳೆಸುತ್ತವೆಯಾದುದರಿಂದ, ನಾಲ್ಕು ತಿಂಗಳು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಇಂತಹ ವಸ್ತುಗಳನ್ನು ಒಣಗಿದ, ಗಾಳಿಯಾಡುವ ಕಪಾಟಿನಲ್ಲಿ ಇಡಬೇಕು.

ಸಂಗ್ರಾಹಕನ ಧರ್ಮ

ಈ ವಿಷಯದಲ್ಲಿ ಅನುಭವಿಗಳು ಒಪ್ಪಿರುವ ಕೆಲವು ಮಾತುಗಳುಂಟು. ಹಳೆಯ ಗಾಡಿಗೆ ಹೊಸ ಬಣ್ಣ ಬಳಿಯಬಾರದು. ಹಾಗೆ ಮಾಡಿದರೆ ಅದರ ಸಾಕ್ಷ್ಯವೇ ಅಳಿಸಿಹೋಗುವುದು. ಹೊಸದಾಗಿ ಮುದ್ರಿಸಿದ ಪೆಟ್ಟಿಗೆಯನ್ನೋ ಹೊಸ ಟೈರುಗಳನ್ನೋ ಸೇರಿಸಿದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳದೆ ಮಾರುವುದು ವಂಚನೆ. ಹಳೆಯ ಬಣ್ಣಗಳಲ್ಲಿ ಸೀಸವಿರುವುದು ಸಂಭವವಾದುದರಿಂದ ಅಜ್ಜನ ಗಾಡಿಯನ್ನು ಬಾಯಿಗಿಡುವ ಕೂಸಿನ ಕೈಗೆ ಕೊಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿಯೊಡನೆ ಅದರ ಕತೆಯನ್ನೂ ಬರೆದಿಡಬೇಕು. ಯಾರು ತಂದರು, ಯಾವ ಊರಿನಿಂದ, ಯಾವ ವರ್ಷ, ಯಾರು ಆಡಿದರು ಎಂಬ ನಾಲ್ಕು ಸಾಲುಗಳಿಲ್ಲದಿದ್ದರೆ ಅದು ಬರಿಯ ಲೋಹದ ತುಂಡು. ನಾಲ್ಕು ಸಾಲುಗಳಿದ್ದರೆ ಬಣ್ಣ ಹೋದ, ಚಕ್ರ ಮುರಿದ ಗಾಡಿಯೂ ಒಂದು ಸಂಸಾರದ ಚರಿತ್ರೆ. ಹರಾಜಿನಲ್ಲಿ ಗೀರುಗಳು ಬೆಲೆಯನ್ನು ತಗ್ಗಿಸುತ್ತವೆ. ಮನೆಯಲ್ಲಿ ಆ ಗೀರುಗಳೇ ಬೆಲೆಯುಳ್ಳವು.

ಗಡಿನಾಡಿನ ಕನ್ನಡಿಗರಾದ ನಮಗೆ ಈ ಚರಿತ್ರೆಯಲ್ಲಿ ಸ್ವಂತಕ್ಕೆ ಅನ್ವಯಿಸಿಕೊಳ್ಳಬೇಕಾದ ಮಾತು ಇದೆ. ನಮ್ಮ ಮನೆಗಳಲ್ಲಿ ಒಂದು ಕಾಲಕ್ಕೆ ಯಥೇಷ್ಟವಾಗಿದ್ದ ವಸ್ತುಗಳು ಯಾವುವು? ಒಂದನೆಯ ತರಗತಿಯ ಕನ್ನಡ ಪಾಠಪುಸ್ತಕ, ಯಕ್ಷಗಾನ ಬಯಲಾಟದ ಕರಪತ್ರ, ಕನ್ನಡದಲ್ಲಿ ಅಚ್ಚಾದ ಮದುವೆಯ ಕರೆಯೋಲೆ, ಶಾಲಾ ವಾರ್ಷಿಕೋತ್ಸವದ ಆಮಂತ್ರಣ. ಇವೆಲ್ಲವೂ ಅಚ್ಚಿನಿಂದ ನೂರಾರು ಸಾವಿರಾರು ಸಂಖ್ಯೆಯಲ್ಲಿ ಹೊರಬಂದವುಗಳೇ. ಎಲ್ಲರ ಮನೆಯಲ್ಲಿಯೂ ಇವೆಯೆಂಬ ನೆಚ್ಚಿಕೆಯಿಂದ ಯಾರೂ ಎತ್ತಿಡದೆ ಹೋದವುಗಳೇ. ತಾಳೆಗರಿಯ ಗ್ರಂಥವನ್ನು ಕಾಪಾಡಲು ವಿದ್ವಾಂಸರಿದ್ದಾರೆ, ಶಿಲಾಶಾಸನವನ್ನು ಕಾಪಾಡಲು ಸರಕಾರದ ಇಲಾಖೆಯಿದೆ. ಸಾಮಾನ್ಯ ವಸ್ತುವನ್ನು ಕಾಪಾಡಲು ಸಾಮಾನ್ಯ ಸಂಸಾರಗಳಲ್ಲದೆ ಬೇರೆ ಗತಿಯಿಲ್ಲ.

ಆದುದರಿಂದ ನಮ್ಮ ವಾಚಕರಲ್ಲಿ ಒಂದು ವಿಜ್ಞಾಪನೆ. ಮುಂದಿನ ಬಾರಿ ಅಟ್ಟವನ್ನು ಗುಡಿಸುವಾಗ ಹಳೆಯ ಟ್ರಂಕಿನ ಮೂಲೆಯಲ್ಲಿ ಚಕ್ರ ಕಳೆದುಕೊಂಡ ಪುಟ್ಟ ಮೋಟಾರೊಂದು ಸಿಕ್ಕಿದರೆ, ಅದನ್ನು ಗುಜರಿಯವನ ಚೀಲಕ್ಕೆ ಹಾಕುವ ಮೊದಲು ತಿರುಗಿಸಿ ತಳದ ಅಕ್ಷರಗಳನ್ನು ಓದಿರಿ. ಅದನ್ನು ತಂದುಕೊಟ್ಟ ಮಾವನೋ ದೊಡ್ಡಪ್ಪನೋ ಇನ್ನೂ ಇದ್ದರೆ ಅವರನ್ನು ಕೇಳಿ ಬರೆದಿಡಿರಿ. ಅದರ ಪಕ್ಕದಲ್ಲಿ ಹರಿದ ಕನ್ನಡ ಪಾಠಪುಸ್ತಕವೊಂದಿದ್ದರೆ ಅದನ್ನೂ ಎತ್ತಿಡಿರಿ. ಇಂದು ಅಲ್ಪವೆಂದು ತೋರುವ ಈ ಕೆಲಸವು ನಾಳೆ ನಮ್ಮ ಮಕ್ಕಳ ಪಾಲಿಗೆ ಆಸ್ತಿಯಾಗಲಿ ಎಂದು ನಾವು ಹಾರೈಸುತ್ತೇವೆ.